ಟ್ರಯಥ್ಲಾನ್ ಈಜಿಗೆ ವೆಟ್‌ಸೂಟ್: ಹಾಕುವುದೋ, ಬಿಡುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಈಜು, ಸೈಕಲ್, ಓಟ ಒಂದಾದ ಮೇಲೊಂದು ಬರುವ ಟ್ರಯಥ್ಲಾನ್‌ಗೆ ಬೆಂಗಳೂರು, ಮೈಸೂರಿನ ಈಜುಕೊಳಗಳಲ್ಲಿ ಅಭ್ಯಾಸ ಮಾಡಿ, ಗೋವಾದಲ್ಲಿ ಮೊದಲ 70.3 (ಒಟ್ಟು 70.3 ಮೈಲಿಯ, ಅರ್ಧ ಐರನ್‌ಮ್ಯಾನ್ ದೂರದ ಸ್ಪರ್ಧೆ) ಮುಗಿಸಿ, ಮುಂದಿನ ವರ್ಷಕ್ಕೆ ಹ್ಯಾಂಬರ್ಗ್, ಕೋಪನ್‌ಹೇಗನ್ ಅಥವಾ ಆಸ್ಟ್ರೇಲಿಯಾದ ಬಸಲ್ಟನ್‌ಗೆ ಹೆಸರು ಕೊಟ್ಟವರಿಗೆ ವೆಟ್‌ಸೂಟ್, ಅಂದರೆ ಈಜಿಗೆ ಹಾಕುವ ಮೈಬಿಗಿ ರಬ್ಬರ್ ಉಡುಗೆ, ದೊಡ್ಡ ತಲೆಬಿಸಿ. ನಮ್ಮ ಕಡೆ ಅದರ ಬಳಕೆಯೇ ಇಲ್ಲ, ಹಾಕಿ ನೋಡಲು ತಣ್ಣನೆಯ ನೀರೂ ಇಲ್ಲ. ಇಲ್ಲಿನ ಉತ್ತರಗಳು ಮುಖ್ಯವಾಗಿ ಅಂಥವರಿಗಾಗಿ. ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ನಿಮ್ಮ ಸ್ಪರ್ಧೆಯ ಅಥ್ಲೀಟ್ ಗೈಡ್‌ನಲ್ಲಿ ಬೇರೆ ಅಂಕಿ ಕಂಡರೆ ಅದನ್ನೇ ನಂಬಿ.

ವೆಟ್‌ಸೂಟ್ ಹಾಕುವ ತೀರ್ಮಾನ ನನ್ನದೋ, ಆಯೋಜಕರದೋ?

ಮೊದಲು ಥರ್ಮಾಮೀಟರಿನದು, ಆಮೇಲೆ ನಿಮ್ಮದು. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಟ್ರಯಥ್ಲಾನ್‌ನ ನಿಯಮದ ಸ್ಪರ್ಧೆಗಳಲ್ಲಿ ಈಜಿಗೆ ಒಂದು ಗಂಟೆ ಮುಂಚೆ ನೀರಿನ ಉಷ್ಣಾಂಶ ಅಳೆಯುತ್ತಾರೆ. ಈಜಿನ ದಾರಿಯ ನಡುಮಧ್ಯದಲ್ಲೂ ಇನ್ನೆರಡು ಕಡೆಯೂ 60 ಸೆಂ.ಮೀ. ಆಳದಲ್ಲಿ ಅಳೆದು, ಸಿಕ್ಕಿದ್ದರಲ್ಲಿ ಕಡಿಮೆಯದನ್ನು ಅಧಿಕೃತವೆಂದು ಘೋಷಿಸುತ್ತಾರೆ. ದಡದ ಹತ್ತಿರ ಕಾಲಿಟ್ಟು ನೋಡಿ "ಬೆಚ್ಚಗಿದೆ, ಇವತ್ತು ಸೂಟ್ ಇಲ್ಲ" ಎಂದು ಅಂದಾಜು ಕಟ್ಟಬೇಡಿ. ದಡದ ನೀರಿಗೂ ನಡುನೀರಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ.

ಅಳತೆಯ ಫಲಿತಾಂಶ ಮೂರು ಬಗೆಯಲ್ಲಿರಬಹುದು: ಹಾಕಲೇಬೇಕು, ಹಾಕಬಹುದು, ಹಾಕುವಂತಿಲ್ಲ. ನಿಮ್ಮ ಯೋಚನೆಗೆ ಕೆಲಸ ಇರುವುದು ನಡುವಿನದರಲ್ಲಿ ಮಾತ್ರ.

ಅಂಕಿಗಳನ್ನು ಒಮ್ಮೆ ಸರಿಯಾಗಿ ಹೇಳಿಬಿಡಿ.

ಸಂಸ್ಥೆಗೊಂದು ಲೆಕ್ಕ ಇರುವುದರಿಂದಲೇ ಗೊಂದಲ. ಏಜ್-ಗ್ರೂಪ್ ಸ್ಪರ್ಧಿಗಳಿಗೆ, ಅಂದರೆ ನಮ್ಮಂಥ ಹವ್ಯಾಸಿಗಳಿಗೆ, ವರ್ಲ್ಡ್ ಟ್ರಯಥ್ಲಾನ್‌ನಲ್ಲಿ 1500 ಮೀಟರ್‌ವರೆಗಿನ ಈಜಿಗೆ ನೀರು 22 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸೂಟ್ ನಿಷಿದ್ಧ. ಅದಕ್ಕಿಂತ ಉದ್ದದ ಈಜಿಗೆ ಮಿತಿ 24.6 ಡಿಗ್ರಿ. 15.9 ಡಿಗ್ರಿಗಿಂತ ಕೆಳಗಿದ್ದರೆ ಕಡ್ಡಾಯ. ಗಾಳಿ ತೀರಾ ತಣ್ಣಗಿದ್ದರೆ ಅಧಿಕೃತ ಅಂಕಿಯನ್ನು ಕೆಳಕ್ಕೆ ಹೊಂದಿಸುವ ಕೋಷ್ಟಕವೊಂದು ನಿಯಮಪುಸ್ತಕದಲ್ಲಿದೆ.

ಐರನ್‌ಮ್ಯಾನ್ ಮತ್ತು 70.3 ಸ್ಪರ್ಧೆಗಳಲ್ಲಿ 24.5 ಡಿಗ್ರಿವರೆಗೆ ಮುಕ್ತ ಅನುಮತಿ. ಅಲ್ಲಿಂದ 28.8ರವರೆಗೆ ಹಾಕಿಕೊಳ್ಳಬಹುದು, ಆದರೆ ಪದಕದ ಸ್ಥಾನಕ್ಕೂ ವಿಶ್ವ ಚಾಂಪಿಯನ್‌ಶಿಪ್ ಅರ್ಹತೆಗೂ ನಿಮ್ಮನ್ನು ಪರಿಗಣಿಸುವುದಿಲ್ಲ. 28.8 ದಾಟಿತೆಂದರೆ ಯಾರಿಗೂ ಇಲ್ಲ. 16 ಡಿಗ್ರಿಗಿಂತ ಕೆಳಗೆ ಕಡ್ಡಾಯ. ವೃತ್ತಿಪರರಿಗೆ ಮಿತಿ ಇನ್ನೂ ಬಿಗಿ: 21.9 ಡಿಗ್ರಿ. ಅವರು ವೇಗವಾಗಿ ಈಜುವುದರಿಂದ ಮೈ ತಾನೇ ಬಿಸಿಯಾಗುತ್ತದೆ, ನೀರಿನಲ್ಲಿ ಕಳೆಯುವ ಹೊತ್ತೂ ಕಡಿಮೆ.

ಅಮೆರಿಕದ ರಾಷ್ಟ್ರೀಯ ಸಂಸ್ಥೆಯ ನಿಯಮ ಫ್ಯಾರನ್‌ಹೀಟ್‌ನಲ್ಲಿದೆ: 78 ಡಿಗ್ರಿವರೆಗೆ, ಅಂದರೆ ಸುಮಾರು 25.6 ಸೆಲ್ಸಿಯಸ್‌ವರೆಗೆ, ಮುಕ್ತ. 84 ಫ್ಯಾರನ್‌ಹೀಟ್‌ಗೆ, ಅಂದರೆ 28.9 ಸೆಲ್ಸಿಯಸ್‌ಗೆ, ಪೂರ್ಣ ನಿಷೇಧ. ನಡುವೆ ಹಾಕಿಕೊಂಡರೆ ಬಹುಮಾನವಿಲ್ಲ.

ದಪ್ಪದ ಮಿತಿ 5 ಮಿ.ಮೀ. ಸೂಟಿನ ಯಾವ ಭಾಗ ಅದಕ್ಕಿಂತ ದಪ್ಪವಿದ್ದರೂ ಅನರ್ಹತೆಯ ದಾರಿ.

ಗೋವಾ 70.3ಗೆ ಒಂದು ಕೊಂಡುಕೊಳ್ಳಲೇ?

ಬೇಡ. 2019ರಲ್ಲಿ ಶುರುವಾದ ಆ ಸ್ಪರ್ಧೆಯ 1.9 ಕಿ.ಮೀ. ಈಜು ಪಣಜಿಯ ಮಿರಾಮಾರ್ ಕಡಲತೀರದಲ್ಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಅರಬ್ಬಿ ಸಮುದ್ರ 28ರಿಂದ 30 ಡಿಗ್ರಿ ಇರುತ್ತದೆ. ಪಣಂಬೂರು, ಮಲ್ಪೆ, ಕಾರವಾರದ ನೀರೂ ವರ್ಷದ ಬಹುಭಾಗ ಅಷ್ಟೇ ಬೆಚ್ಚಗೆ. ಮಲೇಷ್ಯಾದ ಲಂಕಾವಿ, ಹವಾಯಿಯ ಕೋನಾ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಈ ಯಾವ ಕಡಲಿಗೂ ಸೂಟ್ ಬೇಕಿಲ್ಲ. ಆ ಹಣವನ್ನು ಈಜು ತರಬೇತುದಾರರಿಗೆ ಕೊಟ್ಟರೆ ಹೆಚ್ಚು ನಿಮಿಷ ಉಳಿಯುತ್ತದೆ.

ಹಾಕಿದರೆ ನಿಜಕ್ಕೂ ಎಷ್ಟು ವೇಗ ಸಿಗುತ್ತದೆ?

ಸೂಟಿನ ನಿಯೋಪ್ರೀನ್ ರಬ್ಬರಿನೊಳಗೆ ಅನಿಲದ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಇಡ್ಲಿಯ ತೂತುಗಳ ಹಾಗೆ, ಆದರೆ ಒಂದಕ್ಕೊಂದು ಸೇರದೆ ಮುಚ್ಚಿಕೊಂಡವು. ಅವೇ ನಿಮ್ಮನ್ನು ತೇಲಿಸುವುದು, ಚಳಿಯನ್ನು ತಡೆಯುವುದೂ ಅವೇ. ತೊಡೆ, ಸೊಂಟ ಮೇಲಕ್ಕೆ ಬಂದು ದೇಹ ಅಡ್ಡಲಾಗಿ ಮಲಗಿದಾಗ ನೀರನ್ನು ತಳ್ಳುವ ಎದುರುಮೈ ಚಿಕ್ಕದಾಗುತ್ತದೆ. ಹೊರಮೈಯ ನುಣುಪು ಲೇಪನದಿಂದ ಇನ್ನಷ್ಟು ಲಾಭ.

ಸಾಧಾರಣ ಈಜುಗಾರರಿಗೆ ಶೇ. 3ರಿಂದ 7ರಷ್ಟು ಅನುಕೂಲ ಎಂದುಕೊಳ್ಳಬಹುದು. 100 ಮೀಟರಿಗೆ 2 ನಿಮಿಷ 20 ಸೆಕೆಂಡ್ ತೆಗೆದುಕೊಳ್ಳುವವರಿಗೆ ಶೇ. 5 ಅಂದರೆ 7 ಸೆಕೆಂಡ್. 1.9 ಕಿ.ಮೀ.ಗೆ ಸುಮಾರು 2 ನಿಮಿಷ 13 ಸೆಕೆಂಡ್, ಪೂರ್ಣ ಐರನ್‌ಮ್ಯಾನ್‌ನ 3.8 ಕಿ.ಮೀ.ಗೆ ಅದರ ದುಪ್ಪಟ್ಟು. ಆದರೆ ಸ್ಪ್ರಿಂಟ್ ದೂರದ 750 ಮೀಟರಿನಲ್ಲಿ ಉಳಿಯುವುದು 50 ಚಿಲ್ಲರೆ ಸೆಕೆಂಡ್ ಮಾತ್ರ. ಬಿಚ್ಚುವ ಅಭ್ಯಾಸ ಇಲ್ಲದವರು ಟಿ-1ರಲ್ಲಿ (ಈಜು ಮುಗಿಸಿ ಸೈಕಲ್ ಹತ್ತುವ ಮುನ್ನ ಉಡುಗೆ ಬದಲಿಸುವ ಹಂತ) ಕಣಕಾಲಿಗೆ ಸಿಕ್ಕಿಕೊಂಡ ಸೂಟನ್ನು ಎಳೆದಾಡುತ್ತ ಅಷ್ಟನ್ನೂ ಕಳೆದುಬಿಡುತ್ತಾರೆ. ಆದ್ದರಿಂದ ಸ್ಪ್ರಿಂಟ್‌ನಲ್ಲಿ, ನೀರು 20 ಡಿಗ್ರಿಗಿಂತ ಮೇಲಿದ್ದು ಚಳಿಯ ಭಯವಿಲ್ಲದಿದ್ದರೆ, ಸೂಟ್ ಬಿಟ್ಟರೂ ನಷ್ಟವಿಲ್ಲ.

ಎಲ್ಲರಿಗೂ ಒಂದೇ ಲಾಭವೇ?

ಅಲ್ಲ. ಓಟ, ಸೈಕಲ್ಲಿನಿಂದ ಬಂದವರು, ತೆಳ್ಳಗಿನವರು, ಬಲಿಷ್ಠ ತೊಡೆಯವರು ನೀರಿಗಿಳಿದರೆ ಕಾಲು ಕೆಳಗಿಳಿಯುತ್ತದೆ. ಅವರಿಗೆ ಸೂಟ್ ವರದಾನ. ಚಿಕ್ಕಂದಿನಿಂದ ಈಜಿದವರಲ್ಲಿ ದೇಹ ಈಗಾಗಲೇ ಮೇಲೆ ತೇಲುತ್ತಿರುತ್ತದೆ, ಹಾಗಾಗಿ ಅವರಿಗೆ ಸಿಗುವುದು ಕಡಿಮೆ. ಕೆಲವರಿಗೆ ಹೆಗಲು ಬಿಗಿಯಾಗಿ ಲಾಭವೆಲ್ಲ ಅಲ್ಲೇ ಸೋರಿಹೋಗುತ್ತದೆ. ಉಪ್ಪುನೀರು ತಾನಾಗಿಯೇ ತೇಲಿಸುವುದರಿಂದ ಸೂಟಿನ ವ್ಯತ್ಯಾಸ ಕಡಲಿಗಿಂತ ಕೆರೆ, ಸರೋವರದಲ್ಲಿ ಹೆಚ್ಚು ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಬ್ರೆಸ್ಟ್‌ಸ್ಟ್ರೋಕ್ ಈಜುವವರಿಗೆ. ನಮ್ಮಲ್ಲಿ ಊರಬಾವಿ, ಕೆರೆಯಲ್ಲಿ ಕಲಿತವರು ಸುಸ್ತಾದಾಗ ಅದಕ್ಕೇ ಮರಳುತ್ತಾರೆ. ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಸೂಟ್ ಕಾಲನ್ನು ಮೇಲಕ್ಕೆತ್ತುವುದರಿಂದ ಬ್ರೆಸ್ಟ್‌ಸ್ಟ್ರೋಕ್ ಕಿಕ್ ನೀರಿನಿಂದ ಹೊರಗೆ ಗಾಳಿಯಲ್ಲಿ ಬೀಳುತ್ತದೆ, ಮಂಡಿ ಮಡಚಲು ರಬ್ಬರ್ ಬಿಡುವುದಿಲ್ಲ, ತಲೆ ಎತ್ತಿದಾಗ ಸೊಂಟ ನೋಯುತ್ತದೆ. ದಣಿವಾದರೆ ಅಂಗಾತ ಮಲಗುವುದೇ ಸೂಟಿನಲ್ಲಿ ಸುಲಭದ ವಿಶ್ರಾಂತಿ. ಅದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಿ.

ಫ್ರೀಸ್ಟೈಲ್‌ನಲ್ಲೂ ಸಣ್ಣ ಹೊಂದಾಣಿಕೆ ಬೇಕು. ಪಾದ ನೀರಿನ ಮೇಲೆ ಪಟಪಟ ಬಡಿಯುತ್ತಿದ್ದರೆ ಕಿಕ್ ಕಡಿಮೆ ಮಾಡಿ, ಕಾಲನ್ನು ಸೈಕಲ್ಲಿಗೆ ಉಳಿಸಿಕೊಳ್ಳಿ. ಕೈ ಹಿಂತರುವಾಗ ಮೊಣಕೈಯನ್ನು ತೀರಾ ಎತ್ತರಿಸದೆ ತುಸು ಅಗಲವಾಗಿ ಬೀಸಿದರೆ ಹೆಗಲ ರಬ್ಬರಿನೊಂದಿಗೆ ಕುಸ್ತಿ ತಪ್ಪುತ್ತದೆ.

ನೀರು 26 ಡಿಗ್ರಿ. ಪದಕದ ಆಸೆಯಿಲ್ಲ. ಸುರಕ್ಷತೆಗೆಂದು ಹಾಕಿಕೊಳ್ಳಲೇ?

ನಮ್ಮ ಅಭಿಪ್ರಾಯ: ದೂರವನ್ನು ಸೂಟ್ ಇಲ್ಲದೆ ಈಜಲು ಬಂದರೆ ಹಾಕಬೇಡಿ. ತೇಲಿಸುವ ರಬ್ಬರೇ ಬಿಸಿಯನ್ನೂ ಒಳಗೆ ಹಿಡಿದಿಡುತ್ತದೆ. ಗಾಳಿಗೆ ಹೋಲಿಸಿದರೆ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಸಾಗಿಸುತ್ತದೆ. ಈಜುವಾಗ ಮೈ ತಂಪಾಗುವುದು ಅದರಿಂದಲೇ, ಏಕೆಂದರೆ ನೀರಿನಲ್ಲಿ ಬೆವರು ಆವಿಯಾಗುವುದಿಲ್ಲ. ಸೂಟ್ ಆ ಒಂದೇ ದಾರಿಯನ್ನು ಮುಚ್ಚುತ್ತದೆ. ಮೇಲಾಗಿ ನಿಧಾನದ ಈಜುಗಾರರು 70.3ರಲ್ಲಿ ಒಂದು ಗಂಟೆ ನೀರಿನಲ್ಲಿರುತ್ತಾರೆ. ಹೊರಬರುವ ಹೊತ್ತಿಗೆ ತಲೆನೋವು, ವಾಕರಿಕೆ, ದಿಕ್ಕು ತಪ್ಪುವುದು ಶುರುವಾಗಿದ್ದರೆ ಮುಂದಿನ 90 ಕಿ.ಮೀ. ಸೈಕಲ್ ಹಾಳಾದಂತೆಯೇ.

ಬಿಸಿನೀರಿನ ಅಪಾಯ ಕಡೆಗಣಿಸುವಂಥದ್ದಲ್ಲ. 2010ರ ಅಕ್ಟೋಬರ್‌ನಲ್ಲಿ ಯುಎಇಯ ಫುಜೈರಾದಲ್ಲಿ ನಡೆದ 10 ಕಿ.ಮೀ. ಸ್ಪರ್ಧೆಯಲ್ಲಿ ಅಮೆರಿಕದ ನುರಿತ ಈಜುಗಾರ ಫ್ರಾನ್ ಕ್ರಿಪ್ಪೆನ್ ತೀರಿಕೊಂಡರು. ಅಂದಿನ ನೀರು ತೀರಾ ಬೆಚ್ಚಗಿತ್ತು. ಆ ಬಳಿಕವೇ ತೆರೆದ ನೀರಿನ ಸ್ಪರ್ಧೆಗಳಿಗೆ 31 ಡಿಗ್ರಿಯ ಮೇಲ್ಮಿತಿ ಬಂತು.

ಅಷ್ಟಾಗಿಯೂ 25, 26 ಡಿಗ್ರಿಯಲ್ಲಿ ಹಾಕಲೇಬೇಕೆನಿಸಿದರೆ ತೋಳಿಲ್ಲದ ಸೂಟ್ ಆರಿಸಿ, ನೀರಿಗಿಳಿಯುವ ಐದು ನಿಮಿಷ ಮುಂಚೆ ಮಾತ್ರ ಜಿಪ್ ಏರಿಸಿ. ಬಿಸಿಲಿನಲ್ಲಿ ಜಿಪ್ ಹಾಕಿಕೊಂಡು ಅರ್ಧ ಗಂಟೆ ಸಾಲಿನಲ್ಲಿ ನಿಂತವರಿಗೆ ತಲೆ ಸುತ್ತುವುದು ಈಜು ಶುರುವಾಗುವ ಮೊದಲೇ. ಈಜುವಾಗ ಸೆಕೆ ಹೆಚ್ಚಾದರೆ ಕತ್ತಿನ ಅಂಚನ್ನು ಹಿಡಿದೆಳೆದು ನೀರು ಒಳಗೆ ಬಿಡಿ.

ತಣ್ಣನೆಯ ನೀರಿನಲ್ಲಿ ಸೂಟ್ ಒಂದೇ ಸಾಕೇ?

ಕೋಪನ್‌ಹೇಗನ್‌ನಲ್ಲಿ ಆಗಸ್ಟ್ ತಿಂಗಳ ಸಮುದ್ರ ಸಾಮಾನ್ಯವಾಗಿ 17ರಿಂದ 20 ಡಿಗ್ರಿ. ಅಲ್ಲಿಗೆ ತೋಳಿರುವ ಸೂಟ್ ಧಾರಾಳವಾಗಿ ಸಾಕು. ಹಡಗಿನಿಂದ ಹಾರಿ ಶುರುವಾಗುವ ನಾರ್ವೆಯ ನಾರ್ಸ್‌ಮನ್, ಸ್ಯಾನ್ ಫ್ರಾನ್ಸಿಸ್ಕೋದ ಆಲ್ಕಟ್ರಾಜ್ ಈಜು ಬೇರೆ ಮಾತು. 15 ಡಿಗ್ರಿಗಿಂತ ಕೆಳಗೆ ಅಧಿಕೃತ ಟೋಪಿಯ ಅಡಿಯಲ್ಲಿ ನಿಯೋಪ್ರೀನ್ ಟೋಪಿ, ಕಿವಿಗೆ ಇಯರ್‌ಪ್ಲಗ್ ಬೇಕು. ತಣ್ಣೀರು ಕಿವಿಯೊಳಗೆ ಹೋದರೆ ತಲೆ ಗಿರಕಿ ಹೊಡೆದು, ದಡಕ್ಕೆ ಬಂದಾಗ ನಿಲ್ಲಲಾಗುವುದಿಲ್ಲ. ನಿಯೋಪ್ರೀನ್ ಕೈಗವಸಿಗೆ ಅನುಮತಿ ಇಲ್ಲ. ಕಾಲ್ಚೀಲಕ್ಕೆ ಐರನ್‌ಮ್ಯಾನ್ ನಿಯಮದಲ್ಲಿ 18.3 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದರೆ ಮಾತ್ರ ಅವಕಾಶ.

ಚಳಿನೀರಿನ ಮೊದಲ ಪೆಟ್ಟು ಉಸಿರಿಗೆ. ಮುಖಕ್ಕೆ ತಣ್ಣೀರು ತಗುಲಿದೊಡನೆ ಉಸಿರು ಸಿಕ್ಕಿಕೊಂಡಂತಾಗಿ ಏದುಸಿರು ಬರುತ್ತದೆ. ಎರಡು ಮೂರು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಆ ಹೊತ್ತು ಸ್ಪರ್ಧೆಯೊಳಗೆ ಬೀಳದಂತೆ ಮೊದಲೇ ನೀರಿಗಿಳಿದು, ಮುಖ ಮುಳುಗಿಸಿ ಗುಳ್ಳೆ ಬಿಡುತ್ತ ಕಳೆದುಬಿಡಿ. ಇಳಿಯಲು ಬಿಡದಿದ್ದರೆ ಒಂದು ಬಾಟಲಿ ತಣ್ಣೀರನ್ನು ಮುಖ, ಕತ್ತಿನ ಹಿಂಭಾಗ, ಸೂಟಿನ ಒಳಗೆ ಸುರಿದುಕೊಳ್ಳಿ.

ತೋಳಿರುವುದೋ, ತೋಳಿಲ್ಲದ್ದೋ?

ಒಂದೇ ಕೊಳ್ಳುವುದಾದರೆ ತೋಳಿರುವುದು. ವೇಗವೂ ಅದರಲ್ಲೇ ಹೆಚ್ಚು, ಚಳಿಗೂ ಅದೇ ಸರಿ. ತೋಳಿಲ್ಲದ್ದು 20ರಿಂದ 24 ಡಿಗ್ರಿಯ ನೀರಿಗೆ, ಹೆಗಲ ನೋವಿನ ಇತಿಹಾಸ ಇರುವವರಿಗೆ, ಮತ್ತು ತೋಳು ಮುಚ್ಚಿದರೆ ಉಸಿರು ಕಟ್ಟಿದಂತೆ ಅನ್ನಿಸುವವರಿಗೆ ಹೇಳಿ ಮಾಡಿಸಿದ್ದು. ಕಂಕುಳ ಬಳಿ ನೀರು ನುಗ್ಗುವುದು ಅದರ ಕೊರತೆ.

ಸರ್ಫಿಂಗ್ ಅಥವಾ ಡೈವಿಂಗ್ ಸೂಟ್ ಇದೆ. ಅದೇ ಆಗದೇ?

ದಪ್ಪ 5 ಮಿ.ಮೀ. ಒಳಗಿದ್ದರೆ ನಿಯಮ ಬಿಡುತ್ತದೆ, ಹೆಗಲು ಬಿಡುವುದಿಲ್ಲ. ಡೈವಿಂಗ್ ಸೂಟ್ ಕೈಯನ್ನು ಸಾವಿರ ಸಲ ತಲೆಯ ಮೇಲೆ ಬೀಸಲು ಮಾಡಿದ್ದಲ್ಲ. ಸರ್ಫಿಂಗ್ ಸೂಟಿನ ಹೊರಮೈ ಬಟ್ಟೆಯದು, ಉಜ್ಜಿದರೂ ಹರಿಯದಿರಲೆಂದು. ಅದು ನೀರನ್ನು ಹಿಡಿದು ಎಳೆಯುತ್ತದೆ. ಈಜಿನ ಸೂಟಿನಲ್ಲಿ ಎದೆ, ತೊಡೆಗೆ 3ರಿಂದ 5 ಮಿ.ಮೀ., ಹೆಗಲು, ತೋಳಿಗೆ 1.5ರಿಂದ 2 ಮಿ.ಮೀ. ಹೀಗೆ ಜಾಗಕ್ಕೆ ತಕ್ಕ ದಪ್ಪ. 1987ರಲ್ಲಿ ಡ್ಯಾನ್ ಎಂಪ್‌ಫೀಲ್ಡ್ ಕ್ವಿಂಟಾನಾ ರೂ ಹೆಸರಿನಲ್ಲಿ ಟ್ರಯಥ್ಲಾನ್‌ಗೆಂದೇ ಸೂಟ್ ಮಾಡಿದ್ದು ಈ ಕಾರಣಕ್ಕೇ. ಅಂಗಡಿಯಲ್ಲಿ "ವೆಟ್‌ಸೂಟ್ ಕೊಡಿ" ಎಂದರೆ ಯಾವುದೋ ಒಂದನ್ನು ತೋರಿಸುತ್ತಾರೆ. "ತೆರೆದ ನೀರಿನ ಈಜಿನದು" ಎಂದು ಬಿಡಿಸಿ ಹೇಳಿ.

ಲೇಬಲ್ಲಿನಲ್ಲಿ ಯಮಮೊಟೊ 38, 39, 40 ಎಂದು ಕಂಡರೆ ಅದು ಜಪಾನಿನ ಕಂಪನಿಯ ರಬ್ಬರಿನ ದರ್ಜೆ. ದೊಡ್ಡ ಸಂಖ್ಯೆಯದು ಹೆಚ್ಚು ಹಿಗ್ಗುತ್ತದೆ, ಬೆಲೆಯೂ ಏರುತ್ತದೆ. ಮೊದಲ ಸೂಟಿಗೆ 38 ಸಾಕು. ಅಳತೆ ಸರಿಯಿಲ್ಲದ 40ಕ್ಕಿಂತ ಮೈಗೆ ಕೂತ 38 ಎಷ್ಟೋ ಮೇಲು.

ಅಳತೆ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಇಡೀ ವಿಷಯದಲ್ಲಿ ದುಡ್ಡು ನೀರುಪಾಲಾಗುವುದು ಇಲ್ಲೇ. ತಯಾರಕರ ಕೋಷ್ಟಕದಲ್ಲಿ ತೂಕ, ಎತ್ತರ, ಎದೆ ಸುತ್ತಳತೆ ಇರುತ್ತದೆ. ಎರಡು ಅಳತೆಯ ನಡುವೆ ಬಿದ್ದರೆ ತೂಕವನ್ನು ಮೊದಲು ನೋಡಿ, ಎತ್ತರವನ್ನು ಆಮೇಲೆ. ಕಾಲು ಉದ್ದವಾಯಿತೆಂದರೆ ತೊಂದರೆಯಿಲ್ಲ. ನಿಯೋಪ್ರೀನ್ ನೂಲು ಬಿಡುವುದಿಲ್ಲ, ಕಣಕಾಲಿನ ಬಳಿ ಚೂಪು ಕತ್ತರಿಯಿಂದ ನಾಲ್ಕೈದು ಸೆಂ.ಮೀ. ಕತ್ತರಿಸಬಹುದು. ಬಿಚ್ಚಲೂ ಸಲೀಸು. ವಾರಂಟಿಯ ಷರತ್ತು ಓದಿ ಕತ್ತರಿ ಹಿಡಿಯಿರಿ.

ನೆಲದ ಮೇಲೆ ಹಾಕಿಕೊಂಡಾಗ ತುಸು ಹೆಚ್ಚೇ ಬಿಗಿ ಅನ್ನಿಸಬೇಕು, ನೀರಿಗಿಳಿದ ಮೇಲೆ ಸಡಿಲವಾಗುತ್ತದೆ. ಪೂರ್ತಿ ಉಸಿರು ಎಳೆಯಲು ಆಗಬೇಕು. ಎರಡೂ ಕೈ ಮೇಲೆತ್ತಿ: ತೊಡೆಸಂದಿನಿಂದ ಹೆಗಲವರೆಗೆ ಯಾರೋ ಕೆಳಕ್ಕೆ ಜಗ್ಗಿದಂತಾದರೆ ಒಂದೋ ಸೂಟ್ ಚಿಕ್ಕದು, ಇಲ್ಲವೇ ನೀವು ಸಾಕಷ್ಟು ಮೇಲಕ್ಕೆ ಎಳೆದಿಲ್ಲ. ಎರಡನೆಯದೇ ಹೆಚ್ಚು. ಸೊಂಟದ ಹಿಂಭಾಗದಲ್ಲಿ, ಕಂಕುಳಲ್ಲಿ ರಬ್ಬರನ್ನು ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಅಲ್ಲಿ ನೀರು ತುಂಬುತ್ತದೆ, ಲೀಟರುಗಟ್ಟಲೆ ನೀರನ್ನು ಬೆನ್ನಿಗೆ ಕಟ್ಟಿಕೊಂಡು ಈಜಿದಂತೆ. ಕತ್ತಿನ ಅಂಚು ಚರ್ಮಕ್ಕೆ ಅಂಟಿರಬೇಕು, ಗಂಟಲು ಒತ್ತಬಾರದು. ಕನ್ನಡಿ ಮುಂದೆ ಐದು ನಿಮಿಷ ನಿಂತರೆ ಇವೆಲ್ಲ ಗೊತ್ತಾಗುತ್ತವೆ, ಗಂಟಲ ಒತ್ತಡ ಮಾತ್ರ ನೀರಿನಲ್ಲೇ ಗೊತ್ತಾಗುವುದು.

ನಮ್ಮಲ್ಲಿ ಅನೇಕರಿಗೆ ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಹೊಟ್ಟೆಗೆ ಸರಿಹೋಗಲೆಂದು ಒಂದು ಅಳತೆ ದೊಡ್ಡದು ಕೊಂಡರೆ ತೊಡೆ, ಮೀನಖಂಡದಲ್ಲಿ ಸಡಿಲವಾಗಿ ನೀರು ಓಡಾಡುತ್ತದೆ. ಇಂಥವರು ಎರಡು ಬ್ರಾಂಡ್ ಹಾಕಿ ನೋಡುವುದು ಮೇಲು, ಒಂದೊಂದರ ಕಟಿಂಗ್ ಒಂದೊಂದು ತರಹ. ಹೆಂಗಸರಿಗೆ ಬೇರೆ ಕಟಿಂಗ್ ಇದೆ. ಗಂಡಸರ ಸಣ್ಣ ಅಳತೆ ಅದಕ್ಕೆ ಬದಲಿಯಲ್ಲ.

ಹಾಕಿಕೊಳ್ಳುವ ಕ್ರಮ?

ಮೊದಲ ಸಲ 15 ನಿಮಿಷ ಇಟ್ಟುಕೊಳ್ಳಿ. ಕೈಕಾಲಿನ ಉಗುರು ಹಿಂದಿನ ದಿನವೇ ಕತ್ತರಿಸಿ. ಸೂಟ್ ಹರಿಯುವುದು ಹೆಚ್ಚಾಗಿ ಬಂಡೆಗೆ ಉಜ್ಜಿ ಅಲ್ಲ, ಹೆಬ್ಬೆರಳ ಉಗುರಿನಿಂದ. ಮೈ ಒಣಗಿರಲಿ.

ಒಳಗೆ ಟ್ರೈಸೂಟ್ (ಈಜು, ಸೈಕಲ್, ಓಟ ಮೂರಕ್ಕೂ ಹಾಕುವ ಬಿಗಿ ಉಡುಗೆ), ಎಡ ಕಣಕಾಲಿಗೆ ಟೈಮಿಂಗ್ ಚಿಪ್. ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಹಾಕಿ ಕಾಲು ತೂರಿಸಿದರೆ ಸರ್ರನೆ ಇಳಿಯುತ್ತದೆ. ಚೀಲ ತೆಗೆದು ಇನ್ನೊಂದು ಕಾಲಿಗೆ. ಹಿಗ್ಗಿಸಿ ಎಳೆಯಬೇಡಿ, ಬೆರಳ ತುದಿಯ ಮಾಂಸಲ ಭಾಗದಿಂದ ಸ್ವಲ್ಪ ಸ್ವಲ್ಪವೇ ಮಡಿಕೆ ಹಿಡಿದು ಮೇಲಕ್ಕೆ ಸರಿಸಿ: ಮೀನಖಂಡ, ಮಂಡಿ, ತೊಡೆ. ತೊಡೆಸಂದಿನಲ್ಲಿ ಒಂದಿಷ್ಟೂ ಜಾಗ ಉಳಿಯಬಾರದು. ಇಲ್ಲಿ ಎರಡು ಸೆಂ.ಮೀ. ಬಿಟ್ಟರೆ ಅದಕ್ಕೆ ತೆರಿಗೆ ಕಟ್ಟುವುದು ಹೆಗಲು. ಆಮೇಲೆ ಹೊಟ್ಟೆ, ಎದೆ. ತೋಳಿಗೂ ಅದೇ ಚೀಲ. ಮಣಿಕಟ್ಟಿನಿಂದ ಕಂಕುಳಿನವರೆಗೆ ರಬ್ಬರ್ ಸರಿಸಿ, ಹೆಗಲ ಮೇಲೆ ಒಂದು ಸಣ್ಣ ಮಡಿಕೆ ನಿಲ್ಲುವಷ್ಟು ಸಡಿಲ ತನ್ನಿ. ಜಿಪ್ ಬೇರೆಯವರ ಕೈಯಲ್ಲಿ ಹಾಕಿಸಿ: ನೀವು ಹೆಗಲು ಹಿಂದಕ್ಕೆ ಒತ್ತಿ ಬೆನ್ನಿನ ಎರಡು ಅಂಚು ಹತ್ತಿರ ತನ್ನಿ, ಅವರು ಒಂದು ಕೈಯಲ್ಲಿ ಕೆಳಭಾಗ ಹಿಡಿದು ಇನ್ನೊಂದರಲ್ಲಿ ಏರಿಸಲಿ. ಜಿಪ್ ಬಲವಂತಕ್ಕೆ ಬರುತ್ತಿದ್ದರೆ ನಿಲ್ಲಿಸಿ, ಮುಂಭಾಗವನ್ನು ಇನ್ನಷ್ಟು ಮೇಲಕ್ಕೆ ಸರಿಸಿ.

ವೆಲ್ಕ್ರೋದ ಒರಟು ಅಂಚು ಕತ್ತಿಗೆ ತಗುಲದಂತೆ ಮೃದು ಭಾಗದ ಮೇಲೆ ಸರಿಯಾಗಿ ಕೂರಿಸಿ. ಇದೊಂದು ಸಣ್ಣ ಕೆಲಸ ತಪ್ಪಿದರೆ ಕತ್ತು ಕೆಂಪಾಗಿ, ಸಂಜೆ ಸ್ನಾನದಲ್ಲಿ ಕಿರುಚಿಕೊಳ್ಳುವಂತಾಗುತ್ತದೆ.

ಉಜ್ಜದಿರಲು ಕೊಬ್ಬರಿ ಎಣ್ಣೆ ಹಚ್ಚಬಹುದೇ?

ಬೇಡ. ಅಂಗೈಗೆ ಅಂಟಿ ಗಾಗಲ್ಸ್ ಮಸುಕಾಗುತ್ತದೆ, ಆಮೇಲೆ ಸೈಕಲ್ ಹ್ಯಾಂಡಲ್ ಜಾರುತ್ತದೆ. ವ್ಯಾಸಲಿನ್‌ನಂಥ ಪೆಟ್ರೋಲಿಯಂ ಜೆಲ್ಲಿ ರಬ್ಬರಿಗೂ ಅಂಟಿಗೂ ಒಳ್ಳೆಯದಲ್ಲ ಎಂದು ತಯಾರಕರೇ ಹೇಳುತ್ತಾರೆ. ಕಡ್ಡಿಯ ರೂಪದಲ್ಲಿ ಸಿಗುವ ಬಾಡಿಗ್ಲೈಡ್‌ನಂಥದ್ದನ್ನು ಕತ್ತಿನ ಸುತ್ತ, ಕಂಕುಳಿಗೆ, ಮಣಿಕಟ್ಟು, ಮೀನಖಂಡದ ಕೆಳಭಾಗಕ್ಕೆ ಹಚ್ಚಿ. ಕೊನೆಯ ಎರಡು ಜಾಗ ಬಿಚ್ಚಲು ಸಲೀಸಾಗಲಿ ಎಂದು.

ಹಾಕಿದೊಡನೆ ಎದೆ ಬಿಗಿದು ಗಾಬರಿಯಾಗುತ್ತದೆ. ಏನು ಮಾಡಲಿ?

ಬಹಳ ಜನಕ್ಕೆ ಆಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಕತ್ತಿನ ಅಂಚು ಹಿಗ್ಗಿಸಿ ಒಂದಿಷ್ಟು ನೀರು ಒಳಗೆ ಬಿಡಿ. ರಬ್ಬರ್ ಮೈಗೆ ಹೊಂದಿಕೊಳ್ಳುತ್ತದೆ. ಹೆಚ್ಚಾದ ನೀರನ್ನು ಮುಂದಕ್ಕೆ ಬಾಗಿ ಹಿಂಡಿ ತೆಗೆಯಿರಿ. ಮೊದಲ 200 ಮೀಟರ್ ಉಸಿರನ್ನು ಪೂರ್ತಿ ಹೊರಬಿಡುವುದರ ಮೇಲಷ್ಟೇ ಗಮನ. ಗಾಬರಿ ಏರಿದರೆ ಅಂಗಾತ ಮಲಗಿ, ಕೈ ಎತ್ತಿ ಕಾವಲಿನ ಸಣ್ಣ ದೋಣಿಯನ್ನು (ಕಯಾಕ್) ಕರೆಯಿರಿ. ಅದನ್ನು ಹಿಡಿದು ನಿಂತರೆ ಅನರ್ಹತೆ ಇಲ್ಲ, ಅದರಿಂದ ಮುಂದಕ್ಕೆ ಸಾಗಬಾರದು ಅಷ್ಟೆ.

ಗಾಬರಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿದಿರಲಿ. ತಣ್ಣೀರು, ಬಿಗಿ ಸೂಟ್, ಅತಿಯಾದ ಶ್ರಮ ಸೇರಿದಾಗ ಅಪರೂಪಕ್ಕೆ ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ನಿಂತರೂ ಇಳಿಯದ ಏದುಸಿರು, ಎದೆಯಲ್ಲಿ ಗೊರಗೊರ, ನೊರೆಯಂಥ ಅಥವಾ ನಸುಗೆಂಪು ಕಫ ಅದರ ಲಕ್ಷಣ. ಅಲ್ಲಿಗೆ ಸ್ಪರ್ಧೆ ನಿಲ್ಲಿಸಿ, ತಕ್ಷಣ ಸಹಾಯ ಕೇಳಿ, ಸೂಟ್ ಬಿಚ್ಚಿಸಿ. ರಕ್ತದೊತ್ತಡ ಇರುವವರು ಹೊರಡುವ ಮುನ್ನವೇ ವೈದ್ಯರನ್ನು ಕಾಣಿ.

ಬೇಗ ಬಿಚ್ಚುವುದು ಹೇಗೆ?

ಒಳಗೆ ನೀರಿರುವಾಗಲೇ. ದಡ ಹತ್ತಿದೊಡನೆ ಗಾಗಲ್ಸ್ ಹಣೆಗೆ, ಜಿಪ್ ಕೆಳಗೆ, ಓಡುತ್ತಲೇ ಎರಡೂ ತೋಳು ಹೊರಗೆ, ಸೂಟ್ ಸೊಂಟಕ್ಕೆ. ನಿಧಾನಿಸಿದರೆ ನೀರು ಇಳಿದು ರಬ್ಬರ್ ಚರ್ಮಕ್ಕೆ ಅಂಟುತ್ತದೆ. ವಾಚ್ ಇದ್ದರೆ ತೋಳಿನಂಚನ್ನು ಅದರ ಮೇಲಿಂದ ಹಿಗ್ಗಿಸಿ ತನ್ನಿ. ಸೈಕಲ್ ಬಳಿ ಒಂದೇ ಎಳೆತಕ್ಕೆ ಮಂಡಿಯ ಕೆಳಗೆ ತಂದು, ಒಂದು ಕಾಲಿನಿಂದ ಸೂಟನ್ನು ತುಳಿದು ಇನ್ನೊಂದು ಕಾಲು ಎಳೆಯಿರಿ. ಚಿಪ್ ಕಾಲಲ್ಲೇ ಇದೆಯೇ ನೋಡಿ, ಸೂಟಿನೊಂದಿಗೆ ಕಳಚಿ ಬೀಳುವುದುಂಟು. ಅಮೆರಿಕದ ಕೆಲವು ಸ್ಪರ್ಧೆಗಳಲ್ಲಿ ಸೂಟ್ ಎಳೆದುಕೊಡಲೆಂದೇ ಸ್ವಯಂಸೇವಕರು ಇರುತ್ತಾರೆ. ನೆಲಕ್ಕೆ ಕೂತು ಕಾಲು ಚಾಚಿದರೆ ಮುಗಿಯಿತು, ಟ್ರೈಸೂಟ್ ಮಾತ್ರ ಕೈಯಲ್ಲಿ ಹಿಡಿದುಕೊಳ್ಳಿ.

ಸ್ವಿಮ್‌ಸ್ಕಿನ್ ಅಂದರೆ ಇದರದೇ ತೆಳು ರೂಪವೇ?

ಅಲ್ಲ. ಅದರಲ್ಲಿ ರಬ್ಬರಿಲ್ಲ, ತೇಲಿಸುವುದೂ ಇಲ್ಲ. ನೀರು ಹೀರದಂತೆ ಲೇಪಿಸಿದ ಬಟ್ಟೆ ಅಷ್ಟೆ. ಸೂಟ್ ನಿಷಿದ್ಧವಾದ ಈಜಿಗೆ ಟ್ರೈಸೂಟಿನ ಜೇಬು, ಮಡಿಕೆಗಳನ್ನು ಮುಚ್ಚುವುದು ಅದರ ಕೆಲಸ. ಮೊಣಕೈ, ಮಂಡಿಯಿಂದ ಕೆಳಗೆ ಬರಬಾರದು. ಸ್ಥಾನಕ್ಕಾಗಿ ಸೆಣಸುವವರಿಗೆ ಸರಿ. 45 ನಿಮಿಷಕ್ಕಿಂತ ಹೆಚ್ಚು ಹೊತ್ತಿನಲ್ಲಿ 1.9 ಕಿ.ಮೀ. ಮುಗಿಸುವವರಿಗೆ ದುಡ್ಡು ದಂಡ.

ಇಲ್ಲಿ ಅಭ್ಯಾಸ ಮಾಡುವುದೆಲ್ಲಿ?

ಈಜುಕೊಳದಲ್ಲೇ, ಮುಂಚಿತವಾಗಿ ಕೇಳಿಕೊಂಡು. ಬಹುತೇಕ ಕೊಳಗಳಲ್ಲಿ ಜೀವರಕ್ಷಕರು ಸೂಟ್ ಕಂಡು ತಡೆಯುತ್ತಾರೆ. ಡಿಸೆಂಬರ್, ಜನವರಿಯ ಮುಂಜಾನೆ ಬೆಂಗಳೂರಿನ ತೆರೆದ ಕೊಳಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಬೇಸಿಗೆಯ ಬೆಚ್ಚನೆ ಕೊಳದಲ್ಲಾದರೆ 10, 15 ನಿಮಿಷ ಮೀರಬೇಡಿ. ನಾಲ್ಕೈದು ಸಲ ಸಾಕು: ಎರಡರಲ್ಲಿ ಈಜು, ಉಳಿದವುಗಳಲ್ಲಿ ಕೊಳದಿಂದ ಹತ್ತಿ ಗಡಿಯಾರ ನೋಡುತ್ತ ಬಿಚ್ಚುವುದು. ಕ್ಲೋರಿನ್ ರಬ್ಬರನ್ನು ತಿನ್ನುತ್ತದೆ, ಅಂದೇ ಸಿಹಿನೀರಿನಲ್ಲಿ ಜಾಲಿಸಿ.

ಬಾಡಿಗೆಯೋ, ಖರೀದಿಯೋ?

ಜೀವನದಲ್ಲಿ ಒಂದೇ ತಣ್ಣೀರಿನ ಸ್ಪರ್ಧೆ ಅಂದುಕೊಂಡಿದ್ದರೆ ಬಾಡಿಗೆ. ಯುರೋಪಿನ ದೊಡ್ಡ ಸ್ಪರ್ಧೆಗಳ ಊರಿನಲ್ಲಿ ಬಾಡಿಗೆಗೆ ಸಿಗುವುದುಂಟು, ಆದರೆ ನಿಮ್ಮ ಅಳತೆಯನ್ನು ಮೊದಲೇ ಕಾದಿರಿಸಬೇಕು. ಸ್ಪರ್ಧೆಗೆ ಎರಡು ದಿನ ಮುಂಚೆಯಾದರೂ ಹಾಕಿ ಈಜಿ ನೋಡಬೇಕು. ಖರೀದಿಯಾದರೆ ಎರಡು ತಿಂಗಳ ಮುಂಚೆ, ಅಳತೆ ಬದಲಿಸುವ ಸೌಲಭ್ಯ ಕೇಳಿಕೊಂಡು. ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ. ಸೈಕಲ್ ಪೆಟ್ಟಿಗೆ ತಡವಾಗಿ ಬಂದರೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ನಿಮ್ಮ ಮೈಗೆ ಕೂತ ಸೂಟ್ ಸಿಗುವುದಿಲ್ಲ.

ಉಗುರು ತಾಗಿ ಅರ್ಧಚಂದ್ರದ ಗೀರು ಬಿದ್ದಿದೆ. ಸೂಟ್ ಹೋಯಿತೇ?

ಇಲ್ಲ. ಒಳಗಿನ ಬಟ್ಟೆ ಹರಿಯದಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ಜಾಗ ತೊಳೆದು ಪೂರ್ತಿ ಒಣಗಿಸಿ. ನಿಯೋಪ್ರೀನ್ ಅಂಟನ್ನು ಗೀರಿನ ಎರಡೂ ಗೋಡೆಗೆ ತೆಳ್ಳಗೆ ಸವರಿ, ಐದರಿಂದ ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಸವರಿ. ಅಂಟು ಬೆರಳಿಗೆ ಹತ್ತದಷ್ಟು ಒಣಗಿದಾಗ ಒತ್ತಿ ಹಿಡಿಯಿರಿ. ಒಂದು ದಿನ ಮುಟ್ಟಬೇಡಿ. ಒದ್ದೆ ಇರುವಾಗಲೇ ಒತ್ತಿದರೆ ಮೊದಲ ಎಳೆತಕ್ಕೇ ಬಿಟ್ಟುಕೊಳ್ಳುತ್ತದೆ. ಫೆವಿಕ್ವಿಕ್ ಗಡುಸಾಗಿ ಬಿರುಕು ಬಿಡುವುದರಿಂದ ಕೆಲಸಕ್ಕೆ ಬಾರದು.

ತೊಳೆದು ಇಡುವುದು?

ತಣ್ಣೀರಿನಲ್ಲಿ ಒಳಗೂ ಹೊರಗೂ ಜಾಲಿಸಿ, ಒಳಭಾಗ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ವಾಷಿಂಗ್ ಮಷೀನ್, ಬಿಸಿಲು, ಇಸ್ತ್ರಿ ಯಾವುದೂ ಬೇಡ. ತೆಳು ತಂತಿಯ ಹ್ಯಾಂಗರ್ ಹೆಗಲಲ್ಲಿ ಗುರುತು ಬೀಳಿಸುತ್ತದೆ, ಸೊಂಟದಲ್ಲಿ ಮಡಚಿ ದಪ್ಪ ಹ್ಯಾಂಗರಿಗೆ ಹಾಕಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಕಪಾಟಿನೊಳಗೆ ಬೂಷ್ಟು ಗ್ಯಾರಂಟಿ, ಗಾಳಿಯಾಡುವ ಕಡೆ ಇಡಿ. ಹೌದು, ಬಹಳ ಜನ ಸೂಟಿನೊಳಗೇ ಮೂತ್ರ ಮಾಡುತ್ತಾರೆ. ಬಾಡಿಗೆಯದಾದರೆ ದಯವಿಟ್ಟು ತಡೆದುಕೊಳ್ಳಿ.

ಎಲ್ಲ ತಯಾರಿಯಾಗಿ, ಸ್ಪರ್ಧೆಯ ಬೆಳಿಗ್ಗೆ "ಸೂಟ್ ಇಲ್ಲ" ಎಂದರೆ?

ಯುರೋಪಿನ ಬೇಸಿಗೆಯಲ್ಲಿ ಈಗ ಇದು ಅಪರೂಪವಲ್ಲ. ಸೂಟ್ ಇಲ್ಲದೆ ಪೂರ್ತಿ ದೂರವನ್ನು ಕಡೆಯ ಎರಡು ತಿಂಗಳಲ್ಲಿ ಒಂದೆರಡು ಸಲವಾದರೂ ಈಜಿರದವರು ಹೆಸರೇ ಕೊಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಮಾಡಬೇಕಾದ್ದು ಸ್ವಲ್ಪವೇ. ಮೀನಖಂಡಕ್ಕೆ ಹಾಕುವ ಬಿಗಿ ಕಂಪ್ರೆಷನ್ ಕವಚಗಳನ್ನು ಕಳಚಿ ಸೈಕಲ್ ಚೀಲಕ್ಕೆ ಹಾಕಿ, ಸೂಟ್ ಇಲ್ಲದ ಈಜಿನಲ್ಲಿ ಅವಕ್ಕೆ ಅನುಮತಿಯಿಲ್ಲ. ಟ್ರೈಸೂಟ್ ಉಜ್ಜುವ ಕತ್ತು, ಕಂಕುಳಿಗೆ ಬಾಡಿಗ್ಲೈಡ್‌ನಂಥ ಕಡ್ಡಿಯನ್ನು ಹೆಚ್ಚಾಗಿ ಹಚ್ಚಿ. ಜೇಬಿನ ಜೆಲ್ ಪೊಟ್ಟಣಗಳನ್ನು ಸೈಕಲ್ಲಿಗೆ ಸಾಗಿಸಿ. ರೋಲಿಂಗ್ ಸ್ಟಾರ್ಟ್ (ವೇಗಕ್ಕೆ ತಕ್ಕಂತೆ ಸಾಲಾಗಿ ನಿಂತು ಕೆಲವರಂತೆ ನೀರಿಗಿಳಿಯುವ ಕ್ರಮ) ಇದ್ದರೆ ಅಂದುಕೊಂಡದ್ದಕ್ಕಿಂತ ಎರಡು ಮೂರು ನಿಮಿಷ ಹಿಂದಿನ ಗುಂಪಿನಲ್ಲಿ ನಿಲ್ಲಿ. ಸೂಟನ್ನು ಬೆಳಗಿನ ಬಟ್ಟೆಯ ಚೀಲಕ್ಕೆ ಹಾಕಿ ಕೊಟ್ಟುಬಿಡಿ, ಸಂಜೆ ಮರೆಯದೆ ತೆಗೆದುಕೊಳ್ಳಿ.